263 ಗೆದ್ದಿತು, 262 ಸೋತಿತು

263 ರನ್ ಹೊಡೆದ ಆರ್‌ಸಿಬಿ 130 ರನ್‌ಗಳಿಂದ ಗೆದ್ದಿತ್ತು. 262 ಹೊಡೆದ ಆರ್‌ಸಿಬಿ 25 ರನ್‌ಗಳಿಂದ ಸೋತಿತು. ಎರಡೂ ಚಿನ್ನಸ್ವಾಮಿಯಲ್ಲೇ. ನಡುವೆ 11 ವರ್ಷ.

ಐಪಿಎಲ್ ಬಂತೆಂದರೆ ನಮ್ಮ ಅಣಶಿ, ಜೋಯಿಡಾ ಕಡೆ ಇದೇ ಚರ್ಚೆ: ಯಾವ ಕಾಲದ ಆರ್‌ಸಿಬಿ ಹೊಡೆತಕ್ಕೆ ಹೆಚ್ಚು ತೂಕ?

2013, ಏಪ್ರಿಲ್ 23. ಪುಣೆ ಎದುರು ಕ್ರಿಸ್ ಗೇಲ್ 30 ಎಸೆತಕ್ಕೆ ನೂರು. ಕೊನೆಗೆ 66 ಎಸೆತ, ಅಜೇಯ 175, 17 ಸಿಕ್ಸರ್! ತಂಡದ ಮೂರರಲ್ಲಿ ಎರಡು ಪಾಲು ರನ್ ಒಬ್ಬನದೇ.

2024, ಏಪ್ರಿಲ್ 15. ಹೈದರಾಬಾದ್ 287 ಹೊಡೆಯಿತು. ದಿನೇಶ್ ಕಾರ್ತಿಕ್ 35 ಎಸೆತಕ್ಕೆ 83 ಚಚ್ಚಿದರೂ ಸಾಲಲಿಲ್ಲ. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ (ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸುವ ಅವಕಾಶ) ಬಂದಿತ್ತು ನೋಡಿ. ಹಿಂದೆ ಒಬ್ಬ ಹೆಚ್ಚುವರಿ ಬ್ಯಾಟರ್ ಇದ್ದಾನೆ ಅಂದಮೇಲೆ ಮೊದಲ ಎಸೆತದಿಂದಲೇ ಬೀಸುವ ಧೈರ್ಯ ಬರುತ್ತದೆ.

ಹಾಗಾಗಿ ಬರೀ ರನ್ ಹೋಲಿಸಿದರೆ ಅನ್ಯಾಯ. ತಂಡ ತನ್ನ ಕಾಲದ ಉಳಿದವರಿಗಿಂತ ಎಷ್ಟು ಮುಂದಿತ್ತು ಅಂತ ನೋಡಬೇಕು.

ಆ ಲೆಕ್ಕದಲ್ಲಿ ನನ್ನ ಓಟು 2016ಕ್ಕೆ. ಇಂಪ್ಯಾಕ್ಟ್ ಪ್ಲೇಯರ್ ಇಲ್ಲದ ಕಾಲ. ಕೊಹ್ಲಿ 4 ಶತಕ, 973 ರನ್; ಆ 973ರ ದಾಖಲೆಯನ್ನು 2025ರ ಸೀಸನ್ ಮುಗಿದರೂ ಯಾರೂ ಮುಟ್ಟಲಿಲ್ಲ. ಡಿವಿಲಿಯರ್ಸ್ 687. ಗುಜರಾತ್ ಲಯನ್ಸ್ ಎದುರು ಒಂದೇ ಇನಿಂಗ್ಸ್‌ನಲ್ಲಿ ಇಬ್ಬರದೂ ಶತಕ!

ಆದರೂ ಆ ತಂಡ ಫೈನಲ್‌ನಲ್ಲಿ 8 ರನ್‌ಗಳಿಂದ ಸೋತಿತು. ಕಪ್ ತಂದದ್ದು 2025ರ ತಂಡ. ಆ ಫೈನಲ್‌ನಲ್ಲಿ ನಮ್ಮವರ ಒಂದು ಅರ್ಧಶತಕವೂ ಇರಲಿಲ್ಲ. ಹೊಡೆದದ್ದು 190, ಗೆದ್ದದ್ದು 6 ರನ್‌ಗಳಿಂದ. ಕೃಣಾಲ್ ಪಾಂಡ್ಯ 4 ಓವರ್‌ಗೆ ಬರೀ 17 ರನ್ ಕೊಟ್ಟು 2 ವಿಕೆಟ್ ಕಿತ್ತಿದ್ದರು.