ಪಂಚಮ ಕಾಲ ಎಂದರೆ ನಿರಾಶೆಯ ಕಾಲವೇ?

ಎಲ್ಲೋ ಯುದ್ಧ ಶುರುವಾದ ಸುದ್ದಿ ಬಂದಾಗ, ಬಸದಿಯ ಆಡಳಿತದ ಜಗಳ ನ್ಯಾಯಾಲಯದ ಮೆಟ್ಟಿಲೇರಿದಾಗ, ಮಕ್ಕಳು ರಾತ್ರಿ ಭೋಜನ ತ್ಯಾಗದ ನಿಯಮ ಬಿಟ್ಟಾಗ ಹಿರಿಯರು ಹೇಳುವ ಮಾತೊಂದಿದೆ: "ಇದು ಪಂಚಮ ಕಾಲ, ಇನ್ನು ಹೀಗೇ." ಮನುಷ್ಯ ಒಂದು ತಪ್ಪಿನಿಂದ ಪಾಠ ಕಲಿಯುವ ಮೊದಲೇ ಇನ್ನೊಂದನ್ನು ಮಾಡುತ್ತಾನೆ, ಆದ್ದರಿಂದ ಒಳ್ಳೆಯದನ್ನು ನಿರೀಕ್ಷಿಸುವುದೇ ವ್ಯರ್ಥ ಎಂಬ ಭಾವನೆ ಈ ಮಾತಿನ ಹಿಂದೆ ಇದೆ. ಕಾಲ ಇಳಿಮುಖವಾಗಿದೆ ಎಂದು ಶಾಸ್ತ್ರ ಹೇಳಿರುವುದು ನಿಜ. ಆದರೆ ಅದೇ ಶಾಸ್ತ್ರ ಭರವಸೆಗೂ ಕಾರಣಗಳನ್ನು ಕೊಟ್ಟಿದೆ. ಆ ಕಾರಣಗಳು ಯಾವುವು, ಇಂದಿನ ಜಗತ್ತಿನಲ್ಲಿ ಅವಕ್ಕೆ ಹೋಲುವ ಉದಾಹರಣೆ ಇದೆಯೇ ಎಂಬುದನ್ನು ಇಲ್ಲಿ ನೋಡಬಹುದು.

ಕಾಲಚಕ್ರದಲ್ಲಿ ನಮ್ಮ ಸ್ಥಾನ

ಜೈನ ಸಿದ್ಧಾಂತದಂತೆ ಕಾಲಚಕ್ರಕ್ಕೆ ಎರಡು ಭಾಗ. ಆಯುಷ್ಯ, ಬಲ, ಸುಖಗಳು ಇಳಿಯುತ್ತಾ ಹೋಗುವುದು ಅವಸರ್ಪಿಣಿ, ಏರುತ್ತಾ ಹೋಗುವುದು ಉತ್ಸರ್ಪಿಣಿ. ಪ್ರತಿಯೊಂದಕ್ಕೂ 10 ಕೋಡಾಕೋಡಿ ಸಾಗರೋಪಮ ಕಾಲ, ಪ್ರತಿಯೊಂದರಲ್ಲೂ ಆರು ವಿಭಾಗ. ಶ್ವೇತಾಂಬರ ಸಂಪ್ರದಾಯದಲ್ಲಿ ಇವುಗಳನ್ನು ಆರಾ ಎಂದು ಕರೆಯುತ್ತಾರೆ. ನಾವಿರುವುದು ಅವಸರ್ಪಿಣಿಯ ಐದನೆಯದಾದ ದುಷಮಾ ಕಾಲದಲ್ಲಿ. ಭಗವಾನ್ ಮಹಾವೀರರ ನಿರ್ವಾಣವಾಗಿ 3 ವರ್ಷ, ಎಂಟೂವರೆ ತಿಂಗಳ ಬಳಿಕ ಇದು ಆರಂಭವಾಯಿತು. ಇದರ ಅವಧಿ 21,000 ವರ್ಷ. ಅದರಲ್ಲಿ ಕಳೆದಿರುವುದು ಸುಮಾರು 2,550 ವರ್ಷ ಮಾತ್ರ. ಇದರ ನಂತರದ ಆರನೆಯ ಕಾಲ ಇನ್ನೂ ಕಠಿಣವಾದದ್ದು, ಅದೂ 21,000 ವರ್ಷ. ಅಲ್ಲಿಂದ ಮುಂದೆ ಉತ್ಸರ್ಪಿಣಿಯ ಏರಿಕೆ, ಮತ್ತೆ 24 ತೀರ್ಥಂಕರರ ಪರಂಪರೆ.

ಈ ಲೆಕ್ಕದಲ್ಲಿ ಸುಳ್ಳು ಸಮಾಧಾನವಿಲ್ಲ. ನಾಳೆಯೇ ಎಲ್ಲವೂ ಸರಿಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಹಾಗೆಯೇ ಇಳಿಕೆಯೇ ಕೊನೆ ಎಂದೂ ಹೇಳುವುದಿಲ್ಲ.

ಇನ್ನೊಂದು ಮುಖ್ಯ ವಿಷಯವನ್ನು ನಾವು ಮರೆಯುತ್ತೇವೆ. ಆರು ದ್ರವ್ಯಗಳಲ್ಲಿ ಒಂದಾದ ಕಾಲ ಉದಾಸೀನ ನಿಮಿತ್ತ. ಅಂದರೆ ಪರಿಣಮನಕ್ಕೆ ಅದು ಸಹಕಾರಿಯಾಗಿ ಇರುತ್ತದೆಯೇ ಹೊರತು ಯಾರ ಕೈಹಿಡಿದೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡಿಸುವುದಿಲ್ಲ. ಹಿಂಸೆ, ಲೋಭ, ಸುಳ್ಳುಗಳಿಗೆ ಕಾರಣ ಜೀವದ ಕಷಾಯ. "ಪಂಚಮ ಕಾಲ ಮಾಡಿಸಿತು" ಎಂದರೆ ನಮ್ಮ ತಪ್ಪನ್ನು ಕಾಲದ ಮೇಲೆ ಹೊರಿಸಿದಂತಾಗುತ್ತದೆ.

ಈ ಕಾಲದಲ್ಲಿ ಮುಚ್ಚಿದ್ದೇನು, ತೆರೆದಿರುವುದೇನು?

ಭರತ ಕ್ಷೇತ್ರದಲ್ಲಿ ಪಂಚಮ ಕಾಲದಲ್ಲಿ ಹುಟ್ಟಿದವರಿಗೆ ಅದೇ ಭವದಲ್ಲಿ ಕೇವಲಜ್ಞಾನವಾಗಲಿ ಮೋಕ್ಷವಾಗಲಿ ಇಲ್ಲ. ಇದು ಮುಚ್ಚಿದ ಬಾಗಿಲು. ಆದರೆ ಸಮ್ಯಗ್ದರ್ಶನಕ್ಕೆ ಅಡ್ಡಿಯಿಲ್ಲ. ಶ್ರಾವಕರ ಅಣುವ್ರತಕ್ಕೂ ಮುನಿಗಳ ಮಹಾವ್ರತಕ್ಕೂ ಅಡ್ಡಿಯಿಲ್ಲ. 14 ಗುಣಸ್ಥಾನಗಳಲ್ಲಿ ಏಳನೆಯ ಅಪ್ರಮತ್ತ ಸಂಯತದವರೆಗೆ ಏರಲು ಈಗಲೂ ಸಾಧ್ಯ. ಈ ಕಾಲದಲ್ಲಿ ಧ್ಯಾನ ಸಾಧ್ಯವಿಲ್ಲ ಎನ್ನುವವರಿಗೆ ಕುಂದಕುಂದಾಚಾರ್ಯರು ಮೋಕ್ಷಪಾಹುಡದಲ್ಲಿ ನೇರವಾಗಿಯೇ ಉತ್ತರ ಕೊಟ್ಟಿದ್ದಾರೆ: ದುಷಮಾ ಕಾಲದಲ್ಲೂ ಧರ್ಮಧ್ಯಾನವಿದೆ, ಅದನ್ನು ಒಪ್ಪದವರು ಅಜ್ಞಾನಿಗಳು ಎಂಬುದು ಅವರ ಮಾತಿನ ಸಾರ.

ಇದರ ಜೊತೆಗೆ ದಿಗಂಬರ ಪರಂಪರೆ ಮತ್ತೊಂದು ಮಾತನ್ನೂ ಹೇಳುತ್ತದೆ. ಪಂಚಮ ಕಾಲದ ಕೊನೆಗೆ ಬಂದಾಗಲೂ ಒಬ್ಬ ಮುನಿ, ಒಬ್ಬ ಆರ್ಯಿಕೆ, ಒಬ್ಬ ಶ್ರಾವಕ, ಒಬ್ಬ ಶ್ರಾವಿಕೆ ಉಳಿದಿರುತ್ತಾರೆ. ಸಂಖ್ಯೆ ನಾಲ್ಕೇ ಆದರೂ ಚತುರ್ವಿಧ ಸಂಘ ಪೂರ್ಣವಾಗಿಯೇ ಇರುತ್ತದೆ. ಇನ್ನೂ 18,000 ವರ್ಷಗಳಿಗಿಂತ ಹೆಚ್ಚು ಕಾಲ ಧರ್ಮ ಉಳಿಯುತ್ತದೆ ಎಂದು ನಂಬುವ ಸಮಾಜಕ್ಕೆ ಇಂದೇ ಕೈಚೆಲ್ಲಿ ಕೂರಲು ಕಾರಣವಿಲ್ಲ.

ಬೀಳುವುದಕ್ಕೂ ಲೆಕ್ಕವಿದೆ

ಗುಣಸ್ಥಾನಗಳನ್ನು ಸಾಮಾನ್ಯವಾಗಿ ಆತ್ಮದ ಏಣಿ ಎಂದು ವಿವರಿಸುತ್ತಾರೆ. ಆದರೆ ಈ ಏಣಿಯ ಎರಡನೆಯ ಮೆಟ್ಟಿಲಾದ ಸಾಸಾದನಕ್ಕೆ ಏರಿ ತಲುಪುವವರು ಯಾರೂ ಇಲ್ಲ. ಸಮ್ಯಕ್ತ್ವದಿಂದ ಜಾರಿ ಮಿಥ್ಯಾತ್ವಕ್ಕೆ ಬೀಳುವ ಜೀವ ನಡುವೆ ಕ್ಷಣಕಾಲ ನಿಲ್ಲುವ ಸ್ಥಾನ ಅದು. ಆರನೆಯ ಮತ್ತು ಏಳನೆಯ ಗುಣಸ್ಥಾನಗಳ ನಡುವೆ ಮುನಿಗಳು ಅಂತರ್ಮುಹೂರ್ತಕ್ಕೊಮ್ಮೆ ಇಳಿದು ಏರುತ್ತಿರುತ್ತಾರೆ. ಉಪಶಮ ಶ್ರೇಣಿಯಲ್ಲಿ ಹನ್ನೊಂದನೆಯದಾದ ಉಪಶಾಂತ ಮೋಹದವರೆಗೆ ಹೋದವರೂ ಅಲ್ಲಿ ನಿಲ್ಲಲಾರರು. ಅಲ್ಲಿ ಮೋಹನೀಯ ಕರ್ಮ ತಳದಲ್ಲಿ ಕುಳಿತ ಕೆಸರಿನಂತೆ ಅಡಗಿರುತ್ತದೆ. ನೀರು ಕಲಕಿದರೆ ಕೆಸರು ಮೇಲೆ ಬರುವಂತೆ ಅದು ಮತ್ತೆ ಉದಯಕ್ಕೆ ಬರುತ್ತದೆ.

ಜೀವ ಬೀಳುತ್ತದೆ ಎಂಬುದನ್ನು ಆಚಾರ್ಯರು ಮುಚ್ಚಿಡಲಿಲ್ಲ. ಅದರ ಜೊತೆಗೇ ಹೇಳಿದ ಇನ್ನೊಂದು ಮಾತು ಹೆಚ್ಚು ಮುಖ್ಯವಾದದ್ದು. ಒಮ್ಮೆಯಾದರೂ ಸಮ್ಯಗ್ದರ್ಶನ ಪಡೆದ ಜೀವ, ಆಮೇಲೆ ಎಷ್ಟೇ ಕೆಳಗೆ ಬಿದ್ದರೂ, ಹೆಚ್ಚೆಂದರೆ ಅರ್ಧ ಪುದ್ಗಲ ಪರಾವರ್ತನ ಕಾಲದೊಳಗೆ ಮೋಕ್ಷ ಪಡೆಯುತ್ತದೆ. ಅದು ಊಹೆಗೂ ನಿಲುಕದಷ್ಟು ದೀರ್ಘ ಕಾಲ, ಆದರೂ ಅದಕ್ಕೆ ಕೊನೆಯಿದೆ. ಅನಾದಿಯಿಂದ ತಿರುಗುತ್ತಿರುವ ಸಂಸಾರಕ್ಕೆ ಒಂದು ಗಡಿ ಬೀಳುತ್ತದೆ. ಬಿದ್ದದ್ದರಿಂದ ಹತ್ತಿದ್ದೆಲ್ಲ ವ್ಯರ್ಥವಾಗುವುದಿಲ್ಲ.

ಶ್ರೇಣಿಕ ಮಹಾರಾಜನ ಕಥೆ ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ದಿಗಂಬರ ಪುರಾಣಗಳಂತೆ ಧ್ಯಾನದಲ್ಲಿದ್ದ ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವನ್ನು ಹಾಕಿದ ಶ್ರೇಣಿಕ ಏಳನೆಯ ನರಕದ 33 ಸಾಗರೋಪಮ ಆಯುಷ್ಯ ಕಟ್ಟಿಕೊಂಡ. ರಾಣಿ ಚೇಲಿನಿಯ ಪ್ರೇರಣೆಯಿಂದ ಮನಸ್ಸು ತಿರುಗಿ, ಮಹಾವೀರರ ಸಮವಸರಣದಲ್ಲಿ ಕ್ಷಾಯಿಕ ಸಮ್ಯಕ್ತ್ವ ಪಡೆದಾಗ ಆ ಆಯುಷ್ಯ ಮೊದಲನೆಯ ನರಕದ 84,000 ವರ್ಷಗಳಿಗೆ ಇಳಿಯಿತು. ಪೂರ್ತಿಯಾಗಿ ತಪ್ಪಲಿಲ್ಲ, ಮಾಡಿದ ಕರ್ಮದ ಫಲ ಉಣ್ಣಲೇಬೇಕಾಯಿತು. ಆದರೆ ಆ ಜೀವವೇ ಬರಲಿರುವ ಉತ್ಸರ್ಪಿಣಿಯಲ್ಲಿ ಮಹಾಪದ್ಮ ಎಂಬ ಮೊದಲ ತೀರ್ಥಂಕರನಾಗಲಿದೆ. ಜೈನ ಧರ್ಮದ ಭರವಸೆ ಈ ಬಗೆಯದು. ಅದರಲ್ಲಿ ತಪ್ಪಿಗೆ ಫಲವೂ ಇದೆ, ತಿರುಗಿ ಬರಲು ದಾರಿಯೂ ಇದೆ.

ತಪ್ಪುವವರಿಗಾಗಿಯೇ ರೂಪಿಸಿದ ಕ್ರಮ

ಆ ದಾರಿಯ ಹೆಸರು ಪ್ರತಿಕ್ರಮಣ. ಮೂಲಾಚಾರದಲ್ಲಿ ಈ ಬಗ್ಗೆ ಒಂದು ಗಮನಾರ್ಹ ವಿವರವಿದೆ. ನಡುವಿನ 22 ತೀರ್ಥಂಕರರ ಕಾಲದಲ್ಲಿ ಶಿಷ್ಯರು ದೋಷವಾದಾಗ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಮೊದಲ ಮತ್ತು ಕೊನೆಯ ತೀರ್ಥಂಕರರ ಶಾಸನದಲ್ಲಿ ದೋಷವಾಗಲಿ, ಆಗದಿರಲಿ, ಅದು ಕಡ್ಡಾಯ. ಅಂದರೆ ಮಹಾವೀರರ ಶಾಸನದಲ್ಲಿರುವ ನಾವು ತಪ್ಪು ಮಾಡುವವರೇ ಎಂಬುದನ್ನು ಮೊದಲೇ ಗಣನೆಗೆ ತೆಗೆದುಕೊಂಡು ಈ ನಿಯಮ ರೂಪುಗೊಂಡಿದೆ. ಆದ್ದರಿಂದಲೇ ಹಗಲಿನದು, ರಾತ್ರಿಯದು, ಪಕ್ಷದ್ದು, ಚಾತುರ್ಮಾಸದ್ದು, ವರ್ಷದ್ದು ಎಂದು ಸರದಿಯಾಗಿ ಪ್ರತಿಕ್ರಮಣಗಳಿವೆ.

ಇದಕ್ಕೆ ಮೂರು ಮುಖಗಳು. ಹಿಂದಿನ ದೋಷದಿಂದ ಹಿಂತಿರುಗುವುದು ಪ್ರತಿಕ್ರಮಣ, ಈಗಿನ ದೋಷವನ್ನು ಇದ್ದಂತೆ ಕಾಣುವುದು ಆಲೋಚನೆ, ಮುಂದೆ ಮಾಡೆನೆಂದು ತ್ಯಜಿಸುವುದು ಪ್ರತ್ಯಾಖ್ಯಾನ. ಒಂದು ಜೀವಕ್ಕೆ ಹೇಳಿದ ಈ ಕ್ರಮ ಇಡೀ ಮಾನವಕುಲಕ್ಕೆ ಅನ್ವಯಿಸೀತೇ ಎಂಬ ಪ್ರಶ್ನೆ ಸಹಜ. ಕಳೆದ ನೂರು ವರ್ಷಗಳಲ್ಲಿ ನಡೆದ ಒಂದು ಘಟನಾವಳಿ ಇದಕ್ಕೆ ಉತ್ತರ ಕೊಡುತ್ತದೆ.

ಓಝೋನ್ ಪದರ: ಲೋಕ ಮಾಡಿದ ಪ್ರತಿಕ್ರಮಣ

ಮೊದಮೊದಲ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂತಹ ವಿಷಾನಿಲಗಳಿದ್ದವು. ಅವು ಸೋರಿದರೆ ಮನೆಯವರ ಜೀವಕ್ಕೇ ಅಪಾಯ. ಅದನ್ನು ತಪ್ಪಿಸಲು 1920ರ ದಶಕದ ಕೊನೆಯಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಬೆಂಕಿ ಹತ್ತದ, ವಿಷವಲ್ಲದ ಸಿಎಫ್‌ಸಿ ಅನಿಲಗಳನ್ನು ಬಳಕೆಗೆ ತಂದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ಅನಿಲ ವಾತಾವರಣದ ಮೇಲ್ಭಾಗಕ್ಕೆ ಹೋಗಿ, ಸೂರ್ಯನ ನೇರಳಾತೀತ ಕಿರಣಗಳಿಂದ ಜೀವರಾಶಿಯನ್ನು ಕಾಯುವ ಓಝೋನ್ ಪದರವನ್ನು ಕರಗಿಸುತ್ತದೆ ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಷೆರ್ವುಡ್ ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿಯುತ್ತಿರುವುದನ್ನು ವರದಿ ಮಾಡಿದರು. ತಪ್ಪನ್ನು ಇದ್ದಂತೆ ಕಂಡ ಹಂತ ಅದು.

1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಬಡ ದೇಶಗಳಿಗೆ ಹೆಚ್ಚು ಕಾಲಾವಕಾಶ ನೀಡಲಾಯಿತು, ಬದಲಾವಣೆಯ ವೆಚ್ಚಕ್ಕೆ ನಿಧಿಯೊಂದನ್ನು ಸ್ಥಾಪಿಸಲಾಯಿತು. ಭಾರತ 1992ರಲ್ಲಿ ಸೇರಿತು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಒಪ್ಪಂದವನ್ನು ಅಂಗೀಕರಿಸಿದ್ದವು.

ಅಲ್ಲಿಗೂ ತಪ್ಪುಗಳು ಮುಗಿಯಲಿಲ್ಲ. ಸಿಎಫ್‌ಸಿಗೆ ಬದಲಾಗಿ ಬಂದ ಎಚ್‌ಎಫ್‌ಸಿ ಅನಿಲಗಳು ಓಝೋನ್‌ಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಪ್ರಬಲವಾಗಿದ್ದವು. ಪರಿಹಾರವೇ ಹೊಸ ಸಮಸ್ಯೆಯಾಯಿತು. ಅವುಗಳನ್ನೂ ಹಂತಹಂತವಾಗಿ ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು, ಭಾರತ ಅದನ್ನು 2021ರಲ್ಲಿ ಅಂಗೀಕರಿಸಿತು. ಈ ನಡುವೆ 2018ರಲ್ಲಿ ನಿಷೇಧಿತ ಸಿಎಫ್‌ಸಿ-11 ಮತ್ತೆ ಗಾಳಿಗೆ ಸೇರುತ್ತಿರುವುದನ್ನು ವಿಜ್ಞಾನಿಗಳು ಪತ್ತೆಹಚ್ಚಿದರು. ಅದರ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿರುವುದು ಮರುವರ್ಷ ತಿಳಿಯಿತು. ವಿಷಯ ಬಯಲಾದ ಬಳಿಕ ಕ್ರಮಗಳಾಗಿ, ಹೊರಸೂಸುವಿಕೆ ಮತ್ತೆ ಇಳಿಯಿತು.

ಈಗಿನ ನೀತಿಗಳು ಮುಂದುವರಿದರೆ ಹೆಚ್ಚಿನ ಪ್ರದೇಶಗಳಲ್ಲಿ ಓಝೋನ್ ಪದರ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ ಬೆಂಬಲದ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಹಲವರು ಅದನ್ನು ನೋಡಲು ಇರುವುದಿಲ್ಲ.

ಇಲ್ಲಿ ಮನುಷ್ಯರು ನಿರ್ದೋಷಿಗಳಾಗಲಿಲ್ಲ. ತಪ್ಪಿದರು, ಕಂಡರು, ತಿರುಗಿದರು, ಮತ್ತೆ ತಪ್ಪಿದರು, ಮತ್ತೆ ಕಂಡರು. ಪದೇಪದೇ ಅಳೆದು ನೋಡುವ ವ್ಯವಸ್ಥೆ ಮತ್ತು ಕಂಡದ್ದನ್ನು ಒಪ್ಪಿಕೊಳ್ಳುವ ನಿಯಮ ಇದ್ದುದರಿಂದ ಕೆಲಸ ಮುಂದೆ ಸಾಗಿತು. ಹಗಲಿಗೂ ರಾತ್ರಿಗೂ ಬೇರೆ ಬೇರೆ ಪ್ರತಿಕ್ರಮಣ ಏಕೆ ಬೇಕು ಎಂದು ಕೇಳುವ ಮಕ್ಕಳಿಗೆ ಈ ಉದಾಹರಣೆಯನ್ನು ಹೇಳಬಹುದು.

ನಮ್ಮ ಪರಂಪರೆಯ ಸಾಕ್ಷಿ

ಇಳಿಕೆಯ ಕಾಲದಲ್ಲಿ ಏನು ಮಾಡಬೇಕು ಎಂಬುದಕ್ಕೆ ಜೈನ ಇತಿಹಾಸದಲ್ಲೂ ದೊಡ್ಡ ಉದಾಹರಣೆ ಇದೆ. ಮಹಾವೀರರ ನಿರ್ವಾಣದ ಕೆಲವು ಶತಮಾನಗಳ ಬಳಿಕ ಶ್ರುತಜ್ಞಾನ ಜನರ ನೆನಪಿನಿಂದ ಮರೆಯಾಗುತ್ತಿತ್ತು. ಗಿರಿನಾರದಲ್ಲಿದ್ದ ಧರಸೇನಾಚಾರ್ಯರು ಇಬ್ಬರು ಮುನಿಗಳನ್ನು ಕರೆಸಿ ತಮಗೆ ತಿಳಿದದ್ದನ್ನು ಕಲಿಸಿದರು. ಅವರೇ ಪುಷ್ಪದಂತರು ಮತ್ತು ಭೂತಬಲಿಗಳು. ವನವಾಸ ದೇಶಕ್ಕೆ, ಅಂದರೆ ಇಂದಿನ ಬನವಾಸಿಯ ಸೀಮೆಗೆ ಬಂದ ಪುಷ್ಪದಂತರು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ ಭೂತಬಲಿಗಳಿಗೆ ಕಳುಹಿಸಿದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಹೀಗೆ ಷಟ್ಖಂಡಾಗಮ ಸಿದ್ಧವಾದ ಜ್ಯೇಷ್ಠ ಶುದ್ಧ ಪಂಚಮಿಯನ್ನೇ ನಾವು ಶ್ರುತಪಂಚಮಿಯಾಗಿ ಆಚರಿಸುತ್ತೇವೆ.

ಮುಂದೆ ವೀರಸೇನಾಚಾರ್ಯರು ಇದಕ್ಕೆ ಧವಲಾ ಟೀಕೆ ಬರೆದರು. ಕಷಾಯಪಾಹುಡದ ಜಯಧವಲಾ ಟೀಕೆಯಲ್ಲಿ 20,000 ಶ್ಲೋಕ ಪ್ರಮಾಣ ಬರೆದು ಅವರು ದಿವಂಗತರಾದಾಗ, ಶಿಷ್ಯ ಜಿನಸೇನರು ಇನ್ನೂ 40,000 ಶ್ಲೋಕ ಪ್ರಮಾಣ ಬರೆದು ಕ್ರಿ.ಶ. 837ರಲ್ಲಿ ಅದನ್ನು ಮುಗಿಸಿದರು. ಈ ಗ್ರಂಥಗಳ ತಾಡವಾಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದವು. ಶತಮಾನಗಳ ಕಾಲ ಅವು ದರ್ಶನದ ವಸ್ತುವಾಗಿದ್ದವೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. ಕೆಲವು ಗರಿಗಳು ನಷ್ಟವಾದವು. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಅನಂತರದ ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳೂ ಹೊರಬಂದವು. ನಿರ್ಲಕ್ಷ್ಯದಿಂದ ನಷ್ಟವಾದ ಗರಿಗಳು ಮರಳಿ ಬರಲಿಲ್ಲ, ಆದರೆ ಉಳಿದದ್ದು ಇಂದು ಎಲ್ಲರ ಕೈಗೆ ಸಿಗುತ್ತದೆ.

ಜ್ಞಾನ ಕ್ಷೀಣಿಸುವ ಕಾಲ ಇದು ಎಂಬುದು ಧರಸೇನಾಚಾರ್ಯರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಾಗೆ ಗೊತ್ತಿದ್ದುದರಿಂದಲೇ ಅವರು ಕಲಿಸಲು ಕುಳಿತರು.

ಮನೆಯಲ್ಲಿ ಏನು ಮಾಡಬಹುದು?

ಭರವಸೆ ಎಂದರೆ ಸುಮ್ಮನೆ ಕಾಯುವುದಲ್ಲ. ಉತ್ಸರ್ಪಿಣಿ ಬಂದೇ ಬರುತ್ತದೆ ಎಂದು ಇಂದಿನ ಹಿಂಸೆಯನ್ನು ನೋಡುತ್ತಾ ಕೂರಲು ಧರ್ಮ ಒಪ್ಪುವುದಿಲ್ಲ. ಚಕ್ರ ತಿರುಗುವುದು ಕಾಲದ ಸ್ವಭಾವ. ಕಷಾಯ ಕಡಿಮೆ ಮಾಡಿಕೊಳ್ಳುವುದು ಜೀವದ ಪುರುಷಾರ್ಥ.

ದಶಲಕ್ಷಣ ಪರ್ವದ ಕೊನೆಯ ಕ್ಷಮಾವಣಿಯಾಗಲಿ, ಪರ್ಯುಷಣದ ಕೊನೆಯ ಸಂವತ್ಸರಿಯಾಗಲಿ, ವರ್ಷಕ್ಕೊಮ್ಮೆ ಮೊಬೈಲ್‌ನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವುದಕ್ಕೆ ಸೀಮಿತವಾಗಬಾರದು. ನಿಜವಾಗಿ ನೋಯಿಸಿದ ಒಬ್ಬರ ಮನೆಗೆ ಹೋಗಿ ಕ್ಷಮೆ ಕೇಳಿದರೂ ಸಾಕು. ರಾತ್ರಿ ಮಲಗುವ ಮುನ್ನ ಮನೆಯವರೆಲ್ಲ ಐದು ನಿಮಿಷ ಕುಳಿತು ಆ ದಿನದ ದೋಷಗಳನ್ನು ನೆನೆದು ಣಮೋಕಾರ ಮಂತ್ರ ಹೇಳುವ ರೂಢಿ ಮಾಡಿಕೊಳ್ಳಬಹುದು. ಮುರಿದ ನಿಯಮವನ್ನು ಚಿಕ್ಕ ಅವಧಿಗೆ, ಪಾಲಿಸಲು ಸಾಧ್ಯವಾಗುವಷ್ಟಕ್ಕೆ ಮತ್ತೆ ತೆಗೆದುಕೊಳ್ಳಬಹುದು. ನಿಯಮ ತಪ್ಪಿದ ಮಗುವಿಗೆ "ಪಂಚಮ ಕಾಲ" ಎಂದು ಗೊಣಗುವ ಬದಲು "ಇವತ್ತು ತಪ್ಪಿತು, ನಾಳೆ ಮತ್ತೆ ಶುರು ಮಾಡು" ಎಂದು ಹೇಳಿದರೆ ಆ ಮಗುವಿಗೆ ಪ್ರತಿಕ್ರಮಣದ ಅರ್ಥ ಅಲ್ಲಿಯೇ ತಿಳಿಯುತ್ತದೆ.