ಪರದೆಯ ಮಿನುಗು ಬೆಳಕು ಮತ್ತು ಮೂರ್ಛೆ: ಪೋಷಕರ ಗಮನಕ್ಕೆ

1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ 'ಪೋಕೆಮಾನ್' ಎಂಬ ಕಾರ್ಟೂನ್ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಅದರ ಒಂದು ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿಯಂತೆ ಕೆಲವೇ ಸೆಕೆಂಡುಗಳ ಕಾಲ ಮಿನುಗಿದವು. ನೋಡುತ್ತಿದ್ದವರಲ್ಲಿ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಸೆಳವಿಗೆ ಒಳಗಾದ ಅನೇಕರಿಗೆ ಅದುವರೆಗೆ ಮೂರ್ಛೆ ಬಂದಿರಲೇ ಇಲ್ಲ.

ಈ ತೊಂದರೆಯನ್ನು ಬೆಳಕಿನಿಂದ ಪ್ರಚೋದಿತವಾಗುವ ಮೂರ್ಛೆರೋಗ (ಅಪಸ್ಮಾರ) ಎಂದು ಕರೆಯಲಾಗುತ್ತದೆ. ಒಂದೇ ಲಯದಲ್ಲಿ ಮಿನುಗುವ ಬೆಳಕು ಕಣ್ಣಿನ ಮೂಲಕ ಮೆದುಳನ್ನು ತಲುಪಿದಾಗ, ದೃಷ್ಟಿಗೆ ಸಂಬಂಧಿಸಿದ ನರಕೋಶಗಳು ಒಟ್ಟಾಗಿ ಅದೇ ಲಯದಲ್ಲಿ ಉದ್ರೇಕಗೊಳ್ಳುತ್ತವೆ. ಕೆಲವರಲ್ಲಿ ಈ ಉದ್ರೇಕವು ಹತೋಟಿ ಮೀರಿ ಹರಡಿ ಸೆಳವು ಉಂಟಾಗುತ್ತದೆ. ಸೆಕೆಂಡಿಗೆ 15ರಿಂದ 25 ಬಾರಿ ಮಿನುಗುವ ಬೆಳಕು ಹೆಚ್ಚು ಅಪಾಯಕಾರಿ. ಗಾಢ ಕೆಂಪು ಬಣ್ಣವು ಇನ್ನೂ ಹೆಚ್ಚು. ಸುಮಾರು 4,000 ಜನರಲ್ಲಿ ಒಬ್ಬರಿಗೆ ಮಾತ್ರ ಇರುವ ಈ ತೊಂದರೆಯು ಸಾಮಾನ್ಯವಾಗಿ ಬಾಲ್ಯ ಹಾಗೂ ಹದಿಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. ಮೊಬೈಲ್ ನೋಡುವುದರಿಂದಲೇ ಎಲ್ಲ ಮಕ್ಕಳಿಗೂ ಮೂರ್ಛೆರೋಗ ಬರುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಹಳೆಯ ಕೊಳವೆ ಮಾದರಿಯ ದೂರದರ್ಶನಗಳಲ್ಲಿ ಪರದೆಯೇ ಸೆಕೆಂಡಿಗೆ 50 ಬಾರಿ ಮಿನುಗುತ್ತಿತ್ತು. ಇಂದಿನ ಚಪ್ಪಟೆ ಪರದೆಗಳಲ್ಲಿ ಆ ದೋಷ ಬಹುಮಟ್ಟಿಗೆ ಇಲ್ಲ. ಆದರೆ ಆಟಗಳಲ್ಲಿ ಮತ್ತು ವಿಡಿಯೋಗಳಲ್ಲಿ ಬರುವ ಮಿಂಚು, ಸ್ಫೋಟದಂತಹ ದೃಶ್ಯಗಳು ಯಾವ ಪರದೆಯಲ್ಲಾದರೂ ಮಿನುಗುತ್ತವೆ. ಪರದೆಯ ಪ್ರಖರತೆಯನ್ನು ತಗ್ಗಿಸಿದಾಗ ಕೆಲವು ಫೋನ್‌ಗಳ ಬೆಳಕು ಅತಿವೇಗವಾಗಿ ಆರಿ ಹೊತ್ತುತ್ತದೆ. ಇದರಿಂದ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ಉಂಟಾಗಬಹುದು.

ಕತ್ತಲೆ ಕೋಣೆಯಲ್ಲಿ, ಪರದೆಗೆ ತೀರ ಹತ್ತಿರ ಕುಳಿತು, ನಿದ್ದೆಗೆಟ್ಟು ಆಟವಾಡುವ ಮಕ್ಕಳಿಗೆ ಅಪಾಯ ಹೆಚ್ಚು. ದೀಪ ಹಚ್ಚಿ, ದೂರ ಕುಳ್ಳಿರಿಸಿ, ನಡುನಡುವೆ ಬಿಡುವು ಕೊಡಿಸಿರಿ. ಮಿನುಗುವ ದೃಶ್ಯ ಎದುರಾದಾಗ ಕಣ್ಣು ಮುಚ್ಚಿದರೆ ಸಾಲದು, ಏಕೆಂದರೆ ಬೆಳಕು ರೆಪ್ಪೆಯ ಮೂಲಕವೂ ಒಳಸೇರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ಣವಾಗಿ ಮುಚ್ಚಿಕೊಂಡು ಮುಖ ತಿರುಗಿಸುವಂತೆ ಮಗುವಿಗೆ ಕಲಿಸಿರಿ.

ಸೆಳವು ಬಂದಲ್ಲಿ ಕೈಗೆ ಬೀಗದ ಕೈ ಅಥವಾ ಕಬ್ಬಿಣ ಕೊಡುವ ವಾಡಿಕೆ ನಮ್ಮಲ್ಲಿ ಇಂದಿಗೂ ಇದೆ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಅಮೂಲ್ಯವಾದ ಸಮಯ ಮಾತ್ರ ವ್ಯರ್ಥವಾಗುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಿ. ಬಾಯಿಗೆ ಚಮಚವನ್ನಾಗಲೀ ನೀರನ್ನಾಗಲೀ ಹಾಕಬಾರದು, ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಗಡಿಯಾರ ನೋಡಿಕೊಳ್ಳಿ. 5 ನಿಮಿಷಗಳಾದರೂ ಸೆಳವು ನಿಲ್ಲದಿದ್ದರೆ ಅಥವಾ ಮರುಕಳಿಸಿದರೆ 108ಕ್ಕೆ ಕರೆ ಮಾಡಿ.

ಮೊದಲ ಬಾರಿಗೆ ಸೆಳವು ಬಂದ ಮಗುವನ್ನು, ಅದು ತಾನಾಗಿ ನಿಂತಿದ್ದರೂ, ವೈದ್ಯರಿಗೆ ತೋರಿಸಲೇಬೇಕು. ಆ ಹೊತ್ತಿನಲ್ಲಿ ಮಗು ಪರದೆಯ ಮೇಲೆ ಏನನ್ನು ನೋಡುತ್ತಿತ್ತೆಂಬುದನ್ನು ಮರೆಯದೆ ತಿಳಿಸಿರಿ. ಮೆದುಳಿನ ವಿದ್ಯುತ್ ತರಂಗಗಳ ಪರೀಕ್ಷೆಯಲ್ಲಿ (ಇಇಜಿ) ಮಿನುಗುವ ದೀಪವನ್ನು ತೋರಿಸಿ ಈ ತೊಂದರೆಯನ್ನು ಪತ್ತೆಹಚ್ಚಲಾಗುತ್ತದೆ.