ಗರಾಜಿನ ಸ್ಪ್ರಿಂಗಿಗೂ ಒಂದು ಖಾತೆ ಇರಲಿ

ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರು ಸಾಲದ ಕಂತು, ಆಸ್ತಿ ತೆರಿಗೆ, ವಿಮೆ, ಚಳಿಗಾಲದ ಗ್ಯಾಸ್ ಬಿಲ್ಲು ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ನೀಟಾಗಿ ಬರೆದಿಟ್ಟುಕೊಂಡಿರುತ್ತಾರೆ. ಗರಾಜಿನ ಬಾಗಿಲಿನ ಸ್ಪ್ರಿಂಗಿಗೆಂದು ದುಡ್ಡು ತೆಗೆದಿಟ್ಟವರನ್ನು ಮಾತ್ರ ನಾನು ಕಂಡದ್ದು ಬಹಳ ಕಡಿಮೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕಸುಬು. ವಿದ್ಯಾರಣ್ಯ ಕನ್ನಡ ಕೂಟದಲ್ಲಿ ಪರಿಚಯವಾದ ಹುಡುಗ ಹುಡುಗಿಯರು ಮೊದಲ ಮನೆ ತೆಗೆದುಕೊಂಡಾಗ ಖರ್ಚಿನ ಪಟ್ಟಿ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಕಾಫಿ ಕೊಟ್ಟು, ಪಟ್ಟಿಯ ಕೊನೆಗೆ ಈ ಬಾಬ್ತನ್ನೂ ಬರೆಸಿಯೇ ನಾನು ಕಳಿಸುವುದು.

ಊರಲ್ಲಿ ಕುಳಿತು ಓದುವವರಿಗೆ ಇದು ಅಷ್ಟು ದೊಡ್ಡ ವಿಷಯವೇ ಅನ್ನಿಸಬಹುದು. ಇಲ್ಲಿನ ಮನೆಗೆ ಅಂಟಿಕೊಂಡೇ ಕಾರು ನಿಲ್ಲಿಸುವ ಕೋಣೆಯೊಂದಿರುತ್ತದೆ. ಅದಕ್ಕೆ ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಒಂದೇ ಬಾಗಿಲು. ಅಡ್ಡ ಅಡ್ಡ ಹಲಗೆಗಳನ್ನು ಕೀಲುಗಳಿಂದ ಜೋಡಿಸಿದ ಈ ಬಾಗಿಲು ಹಳಿಯ ಮೇಲೆ ಜಾರಿ ಮೇಲಕ್ಕೆ ಹೋಗಿ ಮಾಡಿನ ಕೆಳಗೆ ಮಲಗುತ್ತದೆ. ಹೀಗೆ ಮೇಲೆತ್ತುವ ಬಾಗಿಲನ್ನು 1921ರಲ್ಲಿ ಮಾಡಿದವನು ಸಿ.ಜಿ. ಜಾನ್ಸನ್, ನಮ್ಮ ಪಕ್ಕದ ಇಂಡಿಯಾನಾ ರಾಜ್ಯದ ಹಾರ್ಟ್‌ಫರ್ಡ್ ಸಿಟಿಯಲ್ಲಿ ಅವನ ಕಾರ್ಖಾನೆ ಬೆಳೆಯಿತು. 1926ರಲ್ಲಿ ಬಾಗಿಲಿಗೆ ವಿದ್ಯುತ್ ಮೋಟಾರನ್ನೂ ಕೂಡಿಸಿದ. ಅಲ್ಲಿಂದೀಚೆಗೆ ಇಲ್ಲಿನ ಮನೆಗಳ ಓಡಾಟವೆಲ್ಲ ಅದರಲ್ಲೇ. ನಾವು ಮಾವಿನೆಲೆ ತೋರಣ ಕಟ್ಟುವುದು, ರಂಗೋಲಿ ಬಿಡುವುದು ಮುಂಬಾಗಿಲಿಗೆ. ಮಕ್ಕಳು ಶಾಲೆಗೆ ಹೊರಡುವುದು, ಸೋನಾ ಮಸೂರಿ ಮೂಟೆ ಒಳಬರುವುದು, ಚಪ್ಪಲಿ ಬಿಡುವುದು ಗರಾಜಿನಲ್ಲಿ.

ಈ ಬಾಗಿಲು ಎಪ್ಪತ್ತರಿಂದ ನೂರು ಕಿಲೋ ತೂಗುತ್ತದೆ. ಎತ್ತುವುದು ಮೋಟಾರು ಎಂದು ಬಹಳ ಜನ ನಂಬಿದ್ದಾರೆ. ಎತ್ತುವುದು ನಿಜವಾಗಿ ಸ್ಪ್ರಿಂಗು, ಮೋಟಾರು ಅದಕ್ಕೆ ಬರೀ ಕೈಜೋಡಿಸುತ್ತದೆ. ದಾವಣಗೆರೆಯಲ್ಲಿ ನಮ್ಮಪ್ಪನ ಅಂಗಡಿಯ ರೋಲಿಂಗ್ ಶಟರನ್ನು ನಾನು ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಒಂದು ಕೊಕ್ಕೆಯಿಂದ ಮೇಲೆ ತಳ್ಳುತ್ತಿದ್ದೆ; ಮೇಲಿನ ಪೈಪಿನಲ್ಲಿ ಸುತ್ತಿಕೊಂಡ ಸ್ಪ್ರಿಂಗು ಅದರ ಭಾರ ಹೊರುತ್ತಿತ್ತು. ಇಲ್ಲಿಯ ವ್ಯವಸ್ಥೆಯೂ ಅದೇ ಜಾತಿಯದು. ಬಾಗಿಲಿನ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ದಂಡ, ಅದರ ಮೇಲೆ ಒಂದೋ ಎರಡೋ ದಪ್ಪ ಸ್ಪ್ರಿಂಗು. ಬಾಗಿಲು ಕೆಳಗಿಳಿಯುವಾಗ ಅವು ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ಮೇಲೇರುವಾಗ ಬಿಚ್ಚಿಕೊಳ್ಳುತ್ತ ದಂಡವನ್ನು ತಿರುಗಿಸುತ್ತವೆ. ಎರಡು ತುದಿಯ ರಾಟೆಗಳು ಕೇಬಲ್ ಸುತ್ತಿಕೊಂಡು ಬಾಗಿಲನ್ನು ಎತ್ತುತ್ತವೆ. ಇದಕ್ಕೆ ಟಾರ್ಷನ್ ಸ್ಪ್ರಿಂಗ್ ಎನ್ನುತ್ತಾರೆ. ಹಳೆಯ ಮನೆಗಳಲ್ಲಿ ಹಳಿಯ ಪಕ್ಕಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಎಕ್ಸ್‌ಟೆನ್ಷನ್ ಸ್ಪ್ರಿಂಗ್ ಇರುತ್ತದೆ. ಅದರ ನಡುವೆ ಒಂದು ಸುರಕ್ಷಾ ಕೇಬಲ್ ಹಾಯ್ದಿರಬೇಕು. ಇಲ್ಲದಿದ್ದರೆ ತುಂಡಾದ ದಿನ ಸ್ಪ್ರಿಂಗು ಹಾರಿ ಕಾರಿನ ಗಾಜಿಗೋ ಮನುಷ್ಯರಿಗೋ ಬಡಿಯುತ್ತದೆ.

ಬಜೆಟ್ಟಿನ ವಿಷಯದಲ್ಲಿ ಎಲ್ಲರೂ ನನ್ನನ್ನು ಕೇಳುವುದು ಒಂದೇ: ಇದು ಎಷ್ಟು ವರ್ಷ ಬರುತ್ತದೆ? ವರ್ಷ ಎಣಿಸಬೇಡಿ, ಬಾಗಿಲು ತೆರೆಯುವುದನ್ನು ಎಣಿಸಿ ಎನ್ನುತ್ತೇನೆ. ಸಾಮಾನ್ಯ ಸ್ಪ್ರಿಂಗಿನ ಆಯುಸ್ಸು ಸುಮಾರು 10,000 ಸುತ್ತು. ಬಾಗಿಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಸುತ್ತು. ದಿನಕ್ಕೆ ನಾಲ್ಕು ಸಲ ತೆರೆಯುವ ಗಂಡ ಹೆಂಡತಿ ಇಬ್ಬರ ಮನೆಯಲ್ಲಿ ಅದು ಏಳು ವರ್ಷದ ಹತ್ತಿರಕ್ಕೆ ಬರುತ್ತದೆ. ಮಕ್ಕಳ ಸೈಕಲ್ಲು, ಸಂಗೀತ ಪಾಠ, ಸಾಕರ್ ಪ್ರಾಕ್ಟೀಸು, ಊರಿಂದ ಬಂದ ಅಪ್ಪ ಅಮ್ಮನ ಸಂಜೆ ವಾಕಿಂಗು ಎಂದು ದಿನಕ್ಕೆ ಎಂಟು ಸಲ ತೆರೆಯುವ ಮನೆಯಲ್ಲಿ ಅದೇ ಸ್ಪ್ರಿಂಗು ಮೂರೂವರೆ ವರ್ಷಕ್ಕೆ ಮುಗಿಯಿತು. ಪಕ್ಕದ ಮನೆಯವರದು ಹತ್ತು ವರ್ಷ ಬಂತಂತೆ ಎಂಬ ಮಾತಿನಿಂದ ನಿಮ್ಮ ಖರ್ಚು ಗೊತ್ತಾಗುವುದಿಲ್ಲ.

ಇನ್ನು ದುಡ್ಡು. ನಮ್ಮ ಕಡೆ ಎರಡು ಕಾರಿನ ಬಾಗಿಲಿಗೆ ಎರಡೂ ಸ್ಪ್ರಿಂಗ್ ಬದಲಾಯಿಸಲು ಕೂಲಿ ಸೇರಿ ಹೆಚ್ಚುಕಡಿಮೆ 250ರಿಂದ 450 ಡಾಲರ್ ಎಂದಿಟ್ಟುಕೊಳ್ಳಿ. 400 ಎಂದರೆ, ಮೊದಲನೆಯ ಮನೆಯವರು ತಿಂಗಳಿಗೆ ಐದು ಡಾಲರ್ ತೆಗೆದಿಟ್ಟರೆ ಸಾಕು. ಎರಡನೆಯ ಮನೆಯವರು ಹತ್ತು ಡಾಲರ್ ತೆಗೆದಿಡಬೇಕು. ಹೆಚ್ಚು ಓಡಾಟದ ಮನೆಯವರಿಗೆ ಇನ್ನೊಂದು ದಾರಿ ಇದೆ. ಹೈ ಸೈಕಲ್ ಸ್ಪ್ರಿಂಗ್ ಎಂದು ಕೇಳಿ ಹಾಕಿಸಿಕೊಂಡರೆ 25,000 ಸುತ್ತಿನವರೆಗಿನದು ಸಿಗುತ್ತದೆ. ಅದಕ್ಕೆ ನೂರು ಡಾಲರ್ ಹೆಚ್ಚು ಕೊಟ್ಟರೂ ದಿನಕ್ಕೆ ಎಂಟು ಸಲದ ಮನೆಯಲ್ಲಿ ಎಂಟು ವರ್ಷ ದಾಟುತ್ತದೆ, ಖರ್ಚು ವರ್ಷಕ್ಕೆ ಅರವತ್ತು ಡಾಲರಿಗೆ ಇಳಿಯುತ್ತದೆ. ಎರಡು ವರ್ಷದಲ್ಲಿ ಮನೆ ಮಾರುವ ಯೋಚನೆ ಇರುವವರಿಗೆ ಅದು ಬೇಕಿಲ್ಲ.

ಒಂದು ತುಂಡಾದರೆ ಒಂದನ್ನೇ ಬದಲಾಯಿಸಿ ಉಳಿಸುವ ಆಸೆ ಸಹಜ. ಅದರಲ್ಲಿ ಉಳಿತಾಯವಿಲ್ಲ. ಎರಡೂ ಒಂದೇ ದಿನ ಹಾಕಿದವು, ಅಷ್ಟೇ ಸಲ ಸುತ್ತಿ ಬಿಚ್ಚಿದವು. ಇನ್ನೊಂದು ಬೇಗನೆ ತುಂಡಾಗಿ, ಮೆಕ್ಯಾನಿಕ್ ಮನೆಗೆ ಬರುವ ಶುಲ್ಕವನ್ನು ಮತ್ತೊಮ್ಮೆ ಕಟ್ಟಿಸುತ್ತದೆ.

ಜೇಬಿಗೆ ನಿಜವಾದ ಪೆಟ್ಟು ಬೀಳುವುದು ಅವಸರದಲ್ಲಿ. ಸ್ಪ್ರಿಂಗುಗಳು ಹೆಚ್ಚಾಗಿ ಮುರಿಯುವುದು ಕೊರೆಯುವ ಚಳಿಯ ಬೆಳಗ್ಗೆ, ಕಾರು ಒಳಗಿದ್ದು ಆಫೀಸಿಗೆ ಹೊರಟಾಗ. 2019ರ ಜನವರಿ ಕೊನೆಯಲ್ಲಿ ಶಿಕಾಗೋದ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತು. ಅಂಥ ವಾರದಲ್ಲಿ ಸವೆದ ಉಕ್ಕು ಇನ್ನಷ್ಟು ಪೆಡಸಾಗಿರುತ್ತದೆ, ಗ್ರೀಸು ಗಟ್ಟಿಯಾಗಿರುತ್ತದೆ. ಕಳೆದ ಚಳಿಗಾಲ ತುಮಕೂರಿನ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. “ಅಕ್ಕಾ, ಗರಾಜಲ್ಲಿ ಲಕ್ಷ್ಮೀ ಪಟಾಕಿ ಹೊಡೆದಂಗೆ ಸದ್ದಾಯ್ತು. ಬಾಗಿಲು ಅರ್ಧ ಅಡಿ ಎದ್ದು ನಿಂತುಬಿಡುತ್ತೆ. ಬಂದವನು ಹನ್ನೊಂದು ನೂರು ಡಾಲರ್ ಅಂತಾನೆ, ಏನು ಮಾಡ್ಲಿ?” ಮೇಲೆ ನೋಡು, ಸ್ಪ್ರಿಂಗಿನ ಸುರುಳಿ ಎಲ್ಲಾದರೂ ಎರಡು ಬೆರಳು ಬಿಟ್ಟುಕೊಂಡಿದೆಯಾ ಎಂದೆ. ಇತ್ತು. ಜಾಹೀರಾತಿನಲ್ಲಿ ಬರೀ 29 ಡಾಲರಿಗೆ ಮನೆಗೆ ಬರುತ್ತೇವೆಂದಿದ್ದ ಆ ಕಂಪನಿಯವನು ಸ್ಪ್ರಿಂಗಿನ ಜತೆಗೆ ರೋಲರು, ಬೇರಿಂಗು, ರಾಟೆ, ಕೇಬಲ್ ಎಲ್ಲ ಸೇರಿಸಿ ಒಂದು ಕಿಟ್ ಮಾಡಿ ಬೆಲೆ ಹೇಳಿದ್ದ. ಹುಡುಗ ಅವನನ್ನು ಕಳಿಸಿ, ಆ ದಿನ ಬಾಡಿಗೆ ಕಾರಿನಲ್ಲಿ ಆಫೀಸಿಗೆ ಹೋಗಿ, ಮಾರನೇ ದಿನ ಇನ್ನಿಬ್ಬರನ್ನು ವಿಚಾರಿಸಿದ. 380 ಡಾಲರಿಗೆ ಕೆಲಸ ಮುಗಿಯಿತು.

ರೋಲರು ಬೇರಿಂಗು ಯಾವತ್ತೂ ಬೇಡ ಎಂದಲ್ಲ. ಸವೆದ ಕೇಬಲನ್ನು, ಸ್ಪ್ರಿಂಗಿನ ನಡುವಿನ ಬೇರಿಂಗನ್ನು ಅದೇ ಸಲ ಬದಲಾಯಿಸುವುದು ಜಾಣತನ, ಬಿಚ್ಚಿದ್ದು ಬಿಚ್ಚಿಯೇ ಇರುತ್ತದೆ. ಸವೆದ ಭಾಗವನ್ನು ಕೈಯಲ್ಲಿ ಹಿಡಿದು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಫೋನಿನಲ್ಲೇ ವಿಚಾರಿಸಿ: ಎರಡೂ ಸ್ಪ್ರಿಂಗು, ಕೂಲಿ, ಬರುವ ಶುಲ್ಕ, ತೆರಿಗೆ ಸೇರಿ ಒಟ್ಟು ಎಷ್ಟು? ಎಷ್ಟು ಸುತ್ತಿನದು ಹಾಕುತ್ತೀರಿ? ಸಂಜೆಗೂ ಭಾನುವಾರಕ್ಕೂ ಬೇರೆ ದರವೇ? ಜೀವಮಾನದ ವಾರಂಟಿ ಎಂದರೆ ಕೂಲಿಯೂ ಸೇರಿದೆಯೇ? ಬಹಳ ಕಡೆ ಸ್ಪ್ರಿಂಗು ಮಾತ್ರ ಪುಕ್ಕಟೆ, ಹಾಕುವ ಕೂಲಿಯನ್ನು ಪ್ರತಿ ಸಲ ಕಟ್ಟಬೇಕು. ಮನೆಯ ವಿಮೆ ಸವೆತಕ್ಕೆ ದುಡ್ಡು ಕೊಡುವುದಿಲ್ಲ. ಹೋಮ್ ವಾರಂಟಿ ಎಂದು ವರ್ಷಕ್ಕೊಮ್ಮೆ ದುಡ್ಡು ಕಟ್ಟುವವರು ಒಪ್ಪಂದವನ್ನು ಬಿಡಿಸಿ ಓದಬೇಕು. ಮೋಟಾರನ್ನು ಸೇರಿಸಿ ಸ್ಪ್ರಿಂಗನ್ನು ಹೊರಗಿಟ್ಟಿರುವುದುಂಟು.

ಯೂಟ್ಯೂಬ್ ನೋಡಿ ನಾವೇ ಹಾಕಿಕೊಂಡರೆ ಕೂಲಿ ಉಳಿಯುತ್ತದಲ್ಲ ಎಂದು ಎಂಜಿನಿಯರ್ ಹುಡುಗರು ಕೇಳುತ್ತಾರೆ. ಈ ಒಂದು ಉಳಿತಾಯಕ್ಕೆ ನನ್ನ ಒಪ್ಪಿಗೆ ಇಲ್ಲವೇ ಇಲ್ಲ. ಏಳಡಿ ಬಾಗಿಲಿನ ಸ್ಪ್ರಿಂಗನ್ನು ಏಳೂವರೆ ಸುತ್ತು ಬಿಗಿದು ಕೂರಿಸಬೇಕು. ಸರಿಯಾದ ಉಕ್ಕಿನ ಸರಳುಗಳ ಬದಲು ಸ್ಕ್ರೂಡ್ರೈವರ್ ತುರುಕಿ ತಿರುಗಿಸುವಾಗ ಕೈಜಾರಿದರೆ ಬೆರಳು, ಮುಂಗೈ, ಮುಖ ಯಾವುದಕ್ಕೂ ಗ್ಯಾರಂಟಿ ಇಲ್ಲ. ತಂತಿಯ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಾಗಿಲಿನ ತೂಕಕ್ಕೆ ಹೊಂದುವುದಿಲ್ಲ. 1993ರಿಂದ ಇಲ್ಲಿ ತಯಾರಾಗುವ ಮನೆಬಳಕೆಯ ಮೋಟಾರುಗಳಲ್ಲಿ, ಬಾಗಿಲ ಕೆಳಗೆ ಮಗುವೋ ನಾಯಿಯೋ ಸಿಕ್ಕಿದರೆ ಬಾಗಿಲನ್ನು ತಡೆದು ಹಿಂತಿರುಗಿಸುವ ಏರ್ಪಾಟು ಕಾನೂನಿನ ಪ್ರಕಾರ ಇರಲೇಬೇಕು. ಆದರೆ ಅದು ಮೋಟಾರಿಗೆ ಹಾಕಿದ ಕಡಿವಾಣ; ಸ್ಪ್ರಿಂಗ್ ಮುರಿದ ಬಾಗಿಲು ಮೇಲಿರುವಾಗ ಕೆಂಪು ಹಗ್ಗ ಎಳೆದು ಮೋಟಾರಿನ ಹಿಡಿತ ಬಿಡಿಸಿದರೆ ನೂರು ಕಿಲೋ ದಡಾರನೆ ಕೆಳಗೆ ಬೀಳುತ್ತದೆ. ಮನೆಗೆ ಬಂದ ಹಿರಿಯರಿಗೂ ಈ ಹಗ್ಗ ತೋರಿಸಿ ಹೇಳಿಡಿ. ಸ್ಪ್ರಿಂಗ್ ಮುರಿದ ಮೇಲೆ ಗುಂಡಿ ಒತ್ತಿ ಒತ್ತಿ ಪ್ರಯತ್ನಿಸಿದರೆ ಮೋಟಾರೂ ಕೆಡುತ್ತದೆ, ಅದಕ್ಕೆ ಮತ್ತೆ ನಾನೂರೈನೂರು ಡಾಲರ್ ಬೇರೆ.

ನಾವೇ ಮಾಡಬಹುದಾದ ಕೆಲಸ ಸಣ್ಣದು. ಆರು ತಿಂಗಳಿಗೊಮ್ಮೆ, ಬಾಗಿಲು ಪೂರ್ತಿ ಮುಚ್ಚಿರುವಾಗ ಕೆಂಪು ಹಗ್ಗ ಎಳೆದು, ಕೈಯಿಂದ ನಿಧಾನಕ್ಕೆ ಸೊಂಟದ ಮಟ್ಟಕ್ಕೆ ಎತ್ತಿ ನೋಡಿ. ಅಲ್ಲೇ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ. ಕೆಳಗೆ ಜಾರಿದರೆ ಬಿಗಿ ಕಡಿಮೆಯಾಗಿದೆ, ವಾರದ ದಿನ ನೋಡಿ ಮೆಕ್ಯಾನಿಕ್‌ಗೆ ಹೇಳಿ. ಎತ್ತಲು ಮೊದಲೇ ಭಾರ ಅನ್ನಿಸಿದರೆ ಬಲವಂತ ಮಾಡದೆ ಬಿಟ್ಟುಬಿಡಿ. ಗರಾಜ್ ಬಾಗಿಲಿಗೆಂದೇ ಸಿಗುವ ಸಿಲಿಕೋನ್ ಅಥವಾ ಲಿಥಿಯಂ ಸ್ಪ್ರೇಯನ್ನು ಚಳಿಗೆ ಮುಂಚೆ ಸುರುಳಿಗೆ ಹೊಡೆದರೆ ತುಕ್ಕು ಹತ್ತಿರ ಬರುವುದಿಲ್ಲ.

ಹಳೆಯ ಮನೆ ಕೊಳ್ಳುವವರು ಕೈಬದಲಾಗುವ ಮುಂಚೆಯೇ ಮಾರುವವರನ್ನು ಕೇಳಿ, ಸ್ಪ್ರಿಂಗ್ ಕೊನೆಯ ಸಲ ಬದಲಾದ ವರ್ಷ ಯಾವುದು ಎಂದು. ಉತ್ತರ ಸಿಗದಿದ್ದರೆ ಮೊದಲ ವರ್ಷದ ಖರ್ಚಿನಲ್ಲೇ 400 ಡಾಲರ್ ಇಟ್ಟುಬಿಡಿ. ಹೊಸದು ಹಾಕಿಸಿದ ದಿನ ಬಾಗಿಲಿನ ಒಳಮೈ ಮೇಲೆ ಮಾರ್ಕರಿನಲ್ಲಿ ತಾರೀಖು, ಎಷ್ಟು ಸುತ್ತಿನದು ಎಂಬುದನ್ನು ದೊಡ್ಡದಾಗಿ ಬರೆಯಿರಿ. ಮುಂದಿನ ಹಾಳೆಯ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.